ತೊಟ್ಟಿಮನೆಯ ಗುಟ್ಟು, ಕ್ವಾರ್ಟರ್ಸಿನ ಗುಟ್ಟು



'ಎಲ್ಲರ ಮನೆಯ ದೋಸೆಯೂ ತೂತೇ' ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಹೇಳುವವರು ನಗುತ್ತಾ ಹೇಳುತ್ತಾರೆ, ಕೇಳುವವರೂ ನಕ್ಕು ಸುಮ್ಮನಾಗುತ್ತಾರೆ. ಆದರೆ ಆ ತೂತಿನೊಳಗೆ ಇಣುಕಿ ನೋಡುವುದನ್ನೇ ಕಸುಬು ಮಾಡಿಕೊಂಡ ಒಂದು ಬಗೆಯ ಕಾದಂಬರಿ ಇದೆ. ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿರುವ ಸಂಸಾರ. ಬಾಗಿಲಲ್ಲಿ ರಂಗೋಲಿ, ಗೋಡೆಯ ಮೇಲೆ ಮದುವೆಯ ಫೋಟೋ, ಹಿತ್ತಿಲಲ್ಲಿ ಮಲ್ಲಿಗೆ ಬಳ್ಳಿ. ಒಳಗೆ ಮಾತ್ರ ಯಾರೂ ಬಾಯಿಬಿಡದ ಒಂದು ವಿಷಯ. ಅದು ಏನು, ಯಾರಿಗೆ ಗೊತ್ತು, ಯಾವಾಗ ಬಯಲಾಗುತ್ತದೆ ಎಂಬ ಕುತೂಹಲವೇ ನಮ್ಮನ್ನು ರಾತ್ರಿ ಹನ್ನೆರಡರವರೆಗೆ ಪುಟ ತಿರುಗಿಸುವಂತೆ ಮಾಡುತ್ತದೆ.

ಇಂದು ನಿಮ್ಮಲ್ಲಿ ಹಲವರು ಇಂಥ ಇಂಗ್ಲಿಷ್ ಕಾದಂಬರಿಗಳನ್ನು ಮೊಬೈಲಿನಲ್ಲೇ ಓದುತ್ತೀರಿ. ಅಮೆರಿಕದ ಗಿಲಿಯನ್ ಫ್ಲಿನ್ ಬರೆದ 'ಗಾನ್ ಗರ್ಲ್' 2012ರಲ್ಲಿ ಹೊರಬಂದ ಮೇಲಂತೂ ಈ ಬಗೆಯ ಪುಸ್ತಕಗಳಿಗೆ ಎಲ್ಲೆಡೆ ಬೇಡಿಕೆ ಹೆಚ್ಚಿತು. ಇದು ನಿನ್ನೆ ಮೊನ್ನೆ ಹುಟ್ಟಿದ ರುಚಿಯಲ್ಲ. ಇದಕ್ಕೆ ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸದ ಕೆಲವು ಮುಖ್ಯ ಪುಟಗಳು ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇವೆ. ಅವುಗಳನ್ನು ಒಂದೊಂದಾಗಿ ತಿರುವಿ ನೋಡೋಣ.

ಪತ್ತೇದಾರ ಮನೆಯೊಳಗೆ ಬಂದ

1860ರ ಜೂನ್ ಕೊನೆಯ ಒಂದು ರಾತ್ರಿ. ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತದ ರೋಡ್ ಎಂಬ ಹಳ್ಳಿಯ ದೊಡ್ಡ ಮನೆಯೊಂದರಲ್ಲಿ ನಾಲ್ಕು ವರ್ಷವೂ ತುಂಬದ ಮಗುವಿನ ಕೊಲೆಯಾಯಿತು. ಮನೆಯವರೆಲ್ಲ ಮಲಗಿದ್ದರು. ಹೊರಗಿನವರು ಬಂದ ಗುರುತಿರಲಿಲ್ಲ. ಲಂಡನ್ನಿನಿಂದ ಬಂದ ಪತ್ತೇದಾರ ಜಾಕ್ ವಿಚರ್ ಮನೆಯ ಅಗಸಗಿತ್ತಿಗೆ ಕೊಟ್ಟ ಬಟ್ಟೆಗಳ ಪಟ್ಟಿಯನ್ನು ಪರಿಶೀಲಿಸಿದ. ಮಗುವಿನ ಮಲಅಕ್ಕ, ಹದಿನಾರರ ಹುಡುಗಿ ಕಾನ್‌ಸ್ಟೆನ್ಸ್ ಕೆಂಟಳ ರಾತ್ರಿಯ ಉಡುಪೊಂದು ಲೆಕ್ಕಕ್ಕೆ ಸಿಗಲಿಲ್ಲ. ವಿಚರ್ ಅವಳ ಮೇಲೆ ಸಂಶಯಪಟ್ಟ.

ವಿಜ್ಞಾನ ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅವನಿಗೆ ಸಿಕ್ಕ ಸುಳಿವು ಒಂದು ವಸ್ತುವಲ್ಲ, ವಸ್ತುವೊಂದರ ಗೈರುಹಾಜರಿ. ಇರಬೇಕಾದದ್ದು ಇಲ್ಲದಿದ್ದರೆ ಅದೂ ಒಂದು ಮಾಹಿತಿಯೇ. ಪ್ರಯೋಗಾಲಯದಲ್ಲಿ ನಿರೀಕ್ಷಿಸಿದ ಬಣ್ಣ ಬಾರದಿದ್ದಾಗ ನೀವು ಅದನ್ನೂ ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತೀರಲ್ಲ, ಹಾಗೆ.

ಆದರೆ ಜನ ವಿಚರನ ಮೇಲೆಯೇ ತಿರುಗಿಬಿದ್ದರು. ಮರ್ಯಾದಸ್ಥರ ಮನೆಯ ಹೆಣ್ಣುಮಗಳ ಒಗೆಯುವ ಬಟ್ಟೆಯನ್ನು ಎಣಿಸುವುದೆಂದರೇನು ಎಂದು ಪತ್ರಿಕೆಗಳು ಕೂಗಾಡಿದವು. ಹುಡುಗಿಯ ಬಿಡುಗಡೆಯಾಯಿತು, ಪತ್ತೇದಾರನ ಹೆಸರು ಕೆಟ್ಟಿತು. ಐದು ವರ್ಷಗಳ ನಂತರ, 1865ರಲ್ಲಿ, ಅವಳೇ ಬಂದು ತಪ್ಪೊಪ್ಪಿಕೊಂಡಳು.

ಈ ಪ್ರಕರಣದಿಂದ ಓದುಗರ ಮನಸ್ಸಿನಲ್ಲಿ ಒಂದು ಸಂಗತಿ ಬೇರೂರಿತು. ಭಯ ಹುಟ್ಟಿಸಲು ಹಾಳು ಕೋಟೆ, ಕಾಡು, ದರೋಡೆಕೋರರು ಬೇಕಿಲ್ಲ. ಊಟದ ಮೇಜು ಸಾಕು. ವಿಲ್ಕಿ ಕಾಲಿನ್ಸನ 'ದಿ ವುಮನ್ ಇನ್ ವೈಟ್' 1860ರಲ್ಲಿ, ಮೇರಿ ಎಲಿಜಬೆತ್ ಬ್ರಾಡನ್ನಳ 'ಲೇಡಿ ಆಡ್ಲೀಸ್ ಸೀಕ್ರೆಟ್' 1862ರಲ್ಲಿ ಪುಸ್ತಕವಾಗಿ ಬಂದವು. 1868ರ 'ದಿ ಮೂನ್‌ಸ್ಟೋನ್' ಕಾದಂಬರಿಯಲ್ಲಿ ಕಾಲಿನ್ಸ್ ಆ ಕಾಣೆಯಾದ ಉಡುಪಿನ ಸುಳಿವನ್ನೇ ಬೇರೆ ರೂಪದಲ್ಲಿ ಬಳಸಿಕೊಂಡ. ಹೀಗೆ ಪತ್ತೇದಾರ ಬೀದಿಯಿಂದ ನಡುಮನೆಗೆ ಬಂದ.

ಕನ್ನಡದಲ್ಲಿ ಮುಸುಕು ತೆಗೆದವರು

ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದದ್ದು ಮಂಗಳೂರಿನಲ್ಲಿ 1899ರಲ್ಲಿ ಅಚ್ಚಾದ 'ಇಂದಿರಾಬಾಯಿ'. ಬರೆದವರು ಗುಲ್ವಾಡಿ ವೆಂಕಟರಾಯರು. ಅವರು ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದವರು ಎಂಬುದನ್ನು ನೀವು ನೆನಪಿಡಬೇಕು. ಕಳ್ಳತನ, ಕೊಲೆಗಳ ಬಗ್ಗೆ ಬರೆಯಲು ಅವರಿಗೇನೂ ಸಾಮಗ್ರಿಯ ಕೊರತೆ ಇದ್ದಿರಲಾರದು. ಆದರೂ ಅವರು ಬರೆದದ್ದು ಮನೆಯ ಒಳಗಿನ ಕಥೆ: ಲಂಚದ ಹಣದಿಂದ ಬೆಳೆದ ಸಂಸಾರ, ಧರ್ಮದ ವೇಷ ತೊಟ್ಟ ಕಪಟಿಗಳು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಹುಡುಗಿ. ಆ ಹುಡುಗಿ ಮನೆ ಬಿಟ್ಟು ಹೊರಬಂದು, ವಿದ್ಯೆ ಕಲಿತು, ಮರುಮದುವೆಯಾಗುತ್ತಾಳೆ.

ಅದೇ ಕಾಲದಲ್ಲಿ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರ ಕಾದಂಬರಿಗಳನ್ನು ಬಂಗಾಳಿಯಿಂದ ತಂದು ಕನ್ನಡಿಗರಿಗೆ ಕಾದಂಬರಿ ಓದುವ ಅಭ್ಯಾಸವನ್ನೇ ಹಿಡಿಸಿದರು. 'ವಿಷವೃಕ್ಷ'ದಂಥ ಕೃತಿಯಲ್ಲಿ ಒಂದು ಸುಖೀ ಸಂಸಾರದೊಳಗೆ ವಿಷದ ಬೀಜ ಮೊಳೆಯುವುದನ್ನು ನಮ್ಮವರು ಓದಿದರು. ಎಂ.ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹರಾಯ' 1915ರಲ್ಲಿ ಬಂತು. ಅವರ ಇನ್ನೊಂದು ಕಾದಂಬರಿಯ ಹೆಸರು 'ಮುಸುಕು ತೆಗೆಯೇ ಮಾಯಾಂಗನೆ'. ನಾವು ಮಾತನಾಡುತ್ತಿರುವ ಸಾಹಿತ್ಯಕ್ಕೆಲ್ಲ ಒಂದೇ ತಲೆಬರಹ ಬೇಕೆಂದರೆ ಅದು ಸಾಕು.

ಪಕ್ಕಾ ಪತ್ತೇದಾರಿ ಕಾದಂಬರಿಯ ಯುಗ 1950ರ ದಶಕದಲ್ಲಿ ಆರಂಭವಾಯಿತು. ನೆರೆಯ ಚಿಕ್ಕಮಗಳೂರಿನವರಾದ ಎನ್. ನರಸಿಂಹಯ್ಯ ಹೆಚ್ಚು ಶಾಲೆ ಕಲಿತವರಲ್ಲ. ಆದರೆ ಅವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನನ್ನು ಓದಲೆಂದೇ ಅಕ್ಷರ ಗಟ್ಟಿಮಾಡಿಕೊಂಡವರು ಎಷ್ಟೋ ಜನ. ಇಂದಿನ ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಈ ಪುಸ್ತಕಗಳಲ್ಲಿ ನಿಯಮ ಸರಳ: ಒಂದು ಅಪರಾಧ, ಒಬ್ಬ ಪತ್ತೇದಾರ, ಕೊನೆಯಲ್ಲಿ ಒಬ್ಬ ಅಪರಾಧಿ. ಗುಟ್ಟು ರಟ್ಟಾದರೆ ನ್ಯಾಯ ಸಿಕ್ಕಿತು ಎಂದೇ ಲೆಕ್ಕ.

ಆದರೆ ಮಲೆನಾಡಿನ ಲೇಖಕರು ಈ ಲೆಕ್ಕವನ್ನು ಒಪ್ಪಲಿಲ್ಲ.

ತೊಟ್ಟಿಮನೆಯ ಮೌನ

ತೀರ್ಥಹಳ್ಳಿ ಕಡೆಯ ಹಳೆಯ ತೊಟ್ಟಿಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ನಡುವೆ ತೆರೆದ ಅಂಗಳ, ಸುತ್ತ ಜಗಲಿ, ಅದರ ಹಿಂದೆ ಸಾಲು ಕೋಣೆಗಳು. ವರ್ಷದ ನಾಲ್ಕು ತಿಂಗಳು ಬಿಡದ ಮಳೆ. ಪಕ್ಕದ ಮನೆಗೆ ಹೋಗಬೇಕೆಂದರೆ ಗದ್ದೆ, ತೋಟ, ಹಳ್ಳ ದಾಟಬೇಕು. ಒಂದೇ ಸೂರಿನಡಿ ಇಪ್ಪತ್ತು ಮೂವತ್ತು ಜನ. ಇಂಥ ಮನೆಯಲ್ಲಿ ಒಬ್ಬರಿಗೆ ತಿಳಿದದ್ದು ಎಲ್ಲರಿಗೂ ತಿಳಿದಿರುತ್ತದೆ; ಆದರೆ ಯಾರೂ ಹೇಳುವುದಿಲ್ಲ. ಗುಟ್ಟು ಅಡಗಿರುವುದು ಕತ್ತಲ ಕೋಣೆಯಲ್ಲಲ್ಲ, ಎಲ್ಲರ ಮೌನದಲ್ಲಿ.

ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ತೀರ್ಥಹಳ್ಳಿಯಲ್ಲಿ. ಹನ್ನೆರಡನೆಯ ವಯಸ್ಸಿಗೆ ಮದುವೆ. ಮೊದಲ ಕಾದಂಬರಿ 'ತುಂಗಭದ್ರಾ' 1963ರಲ್ಲಿ ಬಂದಾಗ ಅವರ ವಯಸ್ಸು ನಲವತ್ತೈದು ದಾಟಿತ್ತು. 1976ರ 'ಫಣಿಯಮ್ಮ' ನಿಜವಾಗಿ ಬದುಕಿದ್ದ ಒಬ್ಬ ಬಾಲವಿಧವೆಯ ಕಥೆಯನ್ನು ಆಧರಿಸಿದ್ದು. ನೂರು ವರ್ಷ ಮೀರಿ ಬಾಳಿದ ಆ ಮುದುಕಿ ಮನೆಯವರ ಕಣ್ಣಿಗೆ ಬೀಳದಂತೆ ಮೂಲೆಯಲ್ಲಿದ್ದವಳು. ಆದ್ದರಿಂದಲೇ ಮನೆಯದೆಲ್ಲ ಅವಳ ಕಣ್ಣಿಗೆ ಬೀಳುತ್ತದೆ. ಯಾವ ಪತ್ತೇದಾರನಿಗೂ ಇಲ್ಲದಷ್ಟು ಸಾಕ್ಷ್ಯ ಅವಳ ಬಳಿ ಇದೆ. ಆದರೆ ಅವಳು ಯಾರನ್ನೂ ಹಿಡಿದುಕೊಡುವುದಿಲ್ಲ. ಹೆರಿಗೆಯಲ್ಲಿ ಸಾಯುತ್ತಿದ್ದ, ಅಸ್ಪೃಶ್ಯಳೆಂದು ದೂರವಿಟ್ಟ ಹೆಣ್ಣೊಬ್ಬಳಿಗೆ ಊರಿಗೆ ತಿಳಿಯದಂತೆ ಹೋಗಿ ನೆರವಾಗುತ್ತಾಳೆ. ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಣಿಯ ಪರ ನಿಲ್ಲುತ್ತಾಳೆ. ಕಾದಂಬರಿ 1983ರಲ್ಲಿ ಚಲನಚಿತ್ರವಾಯಿತು. ನಿರ್ದೇಶಿಸಿದವರು ಪ್ರೇಮಾ ಕಾರಂತ, ಭದ್ರಾವತಿಯಲ್ಲಿ ಹುಟ್ಟಿದವರು.

ಇದಕ್ಕೆ ಎದುರಾಗಿ ಇನ್ನೊಂದು ಕಥೆಯನ್ನು ಇಡೋಣ. ತೀರ್ಥಹಳ್ಳಿ ತಾಲೂಕಿನ ಮೇಳಿಗೆಯವರಾದ ಯು.ಆರ್. ಅನಂತಮೂರ್ತಿ ಬರೆದ 'ಘಟಶ್ರಾದ್ಧ'ವನ್ನು ಅದೇ ತಾಲೂಕಿನ ಗಿರೀಶ ಕಾಸರವಳ್ಳಿ 1977ರಲ್ಲಿ ಚಿತ್ರವಾಗಿಸಿದರು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ಸ್ವರ್ಣಕಮಲ ಬಂತು. ವೇದ ಕಲಿಯಲು ಉಡುಪರ ಮನೆಗೆ ಬಂದ ಪುಟ್ಟ ಹುಡುಗ ನಾಣಿ, ಅವರ ವಿಧವೆ ಮಗಳು ಯಮುನಕ್ಕ ಬಸುರಿಯಾಗಿರುವುದನ್ನು ತನಗೇ ಅರ್ಥವಾಗದೆ ಕಾಣುತ್ತಾ ಹೋಗುತ್ತಾನೆ. ನೋಡುವವರಿಗೆ ಇದು ಸಸ್ಪೆನ್ಸ್ ಕಥೆಯ ಹಾಗೆಯೇ ಉಸಿರು ಬಿಗಿಹಿಡಿಸುತ್ತದೆ. ಕೊನೆಗೆ ಗುಟ್ಟು ಬಯಲಾಗುತ್ತದೆ. ಆಗ ಏನಾಯಿತು? ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡಿ ಹೊರಹಾಕುತ್ತಾನೆ. ಬಸಿರಿಗೆ ಕಾರಣನಾದ ಮೇಷ್ಟ್ರಿಗೆ ಯಾವ ಶಿಕ್ಷೆಯೂ ತಟ್ಟುವುದಿಲ್ಲ. ವಯಸ್ಸಾದ ತಂದೆ ಎಳೆಯ ಹುಡುಗಿಯನ್ನು ಮದುವೆಯಾಗಲು ಹೊರಟ ಸುದ್ದಿ ಬರುತ್ತದೆ; ಅದರಲ್ಲಿ ಊರಿಗೆ ಗುಟ್ಟೂ ಕಾಣುವುದಿಲ್ಲ, ತಪ್ಪೂ ಕಾಣುವುದಿಲ್ಲ.

ಈ ಎರಡು ಕಥೆಗಳನ್ನು ಜೊತೆಗಿಟ್ಟು ನೋಡಿದರೆ ಮಲೆನಾಡಿನ ಬರಹಗಾರರು ಪತ್ತೇದಾರಿ ಕಾದಂಬರಿಯ ನಿಯಮವನ್ನು ಹೇಗೆ ತಲೆಕೆಳಗು ಮಾಡಿದರೆಂದು ತಿಳಿಯುತ್ತದೆ. ಗುಟ್ಟು ರಟ್ಟಾದದ್ದೇ ನ್ಯಾಯವಲ್ಲ. ಗುಟ್ಟು ಉಳಿದದ್ದೇ ಅನ್ಯಾಯವೂ ಅಲ್ಲ.

ಕ್ವಾರ್ಟರ್ಸಿನ ಗೋಡೆ

ಈಗ ತುಂಗೆಯ ದಡದಿಂದ ಭದ್ರೆಯ ದಡಕ್ಕೆ ಬರೋಣ. ಶಿವಮೊಗ್ಗದಿಂದ ಭದ್ರಾವತಿಗೆ ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ಆದರೆ ಮನೆಗಳ ಮಟ್ಟಿಗೆ ಹೇಳುವುದಾದರೆ ಅದು ಒಂದು ಯುಗದಿಂದ ಇನ್ನೊಂದು ಯುಗಕ್ಕೆ ಪ್ರಯಾಣ. ಹಿಂದೆ ಬೆಂಕಿಪುರವೆನಿಸಿದ್ದ ಊರಿನಲ್ಲಿ 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭಿಸಿತು. 1923ರಲ್ಲಿ ಕಬ್ಬಿಣ ಹೊರಬಂತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತದ ಹೊಣೆ ಹೊತ್ತು ನಿಲ್ಲಿಸಿದರು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕನ್ನಡ, ತಮಿಳು, ತೆಲುಗು, ಮಲಯಾಳ, ಉರ್ದು ಮಾತನಾಡುವ ಕುಟುಂಬಗಳು ಕೆಲಸ ಹುಡುಕಿಕೊಂಡು ಬಂದವು. ನ್ಯೂಟೌನ್, ಪೇಪರ್ ಟೌನ್ ಎಂಬ ಬಡಾವಣೆಗಳಲ್ಲಿ ಸಾಲು ಸಾಲು ಕ್ವಾರ್ಟರ್ಸ್ ಎದ್ದವು.

ಕ್ವಾರ್ಟರ್ಸಿನ ಮನೆ ತೊಟ್ಟಿಮನೆಗೆ ತದ್ವಿರುದ್ಧ. ಇಲ್ಲಿ ಗಂಡ, ಹೆಂಡತಿ, ಮಕ್ಕಳು ಇಷ್ಟೇ. ಅತ್ತೆಯ ಕಣ್ಣಿಲ್ಲ, ಅಜ್ಜಿಯ ಆಸರೆಯೂ ಇಲ್ಲ. ಪಕ್ಕದ ಮನೆ ಒಂದೇ ಗೋಡೆಯಾಚೆ, ಆದರೆ ಅಲ್ಲಿರುವವರು ಬೇರೆ ಊರಿನವರು, ಬೇರೆ ಭಾಷೆಯವರು. ಗಂಡ ಸೈರನ್ ಕೂಗಿದ ಹೊತ್ತಿಗೆ ಪಾಳಿಗೆ ಹೋದರೆ ಹೆಂಡತಿ ಒಬ್ಬಳೇ. ಅವಳಿಗೆ ಮನಸ್ಸು ಕೆಟ್ಟರೆ, ಗಂಡ ಕೈ ಎತ್ತಿದರೆ, ಹೇಳಿಕೊಳ್ಳಲು ಯಾರಿದ್ದಾರೆ? ತೊಟ್ಟಿಮನೆಯಲ್ಲಿ ಎಲ್ಲರಿಗೂ ತಿಳಿದು ಯಾರೂ ಹೇಳದ ಗುಟ್ಟು, ಕ್ವಾರ್ಟರ್ಸಿನಲ್ಲಿ ಒಬ್ಬರಿಗೇ ತಿಳಿದು ಹೇಳಲು ಯಾರೂ ಇಲ್ಲದ ಗುಟ್ಟಾಯಿತು. ಇದು ಭದ್ರಾವತಿಯೊಂದರ ಕಥೆಯಲ್ಲ. ಬೆಂಗಳೂರು, ಮೈಸೂರು, ದಾವಣಗೆರೆ, ಎಲ್ಲ ಊರುಗಳಲ್ಲೂ ಚಿಕ್ಕ ಸಂಸಾರಗಳು ಬಂದಾಗ ಆದದ್ದೇ.

ಈ ಹೊಸ ಮನೆಗೆ ತಕ್ಕ ಕಾದಂಬರಿಗಾರ್ತಿ ತ್ರಿವೇಣಿ. 1928ರಲ್ಲಿ ಹುಟ್ಟಿ 1963ರಲ್ಲೇ ತೀರಿಕೊಂಡ ಇವರು ಮನಶ್ಶಾಸ್ತ್ರ ಓದಿದವರು. ಅವರ 'ಶರಪಂಜರ'ದ ಕಾವೇರಿ ಬಾಣಂತನದ ನಂತರ ಮನಸ್ಸಿನ ಕಾಯಿಲೆಗೆ ಒಳಗಾಗುತ್ತಾಳೆ. ಚಿಕಿತ್ಸೆ ಪಡೆದು ವಾಸಿಯಾಗಿ ಮನೆಗೆ ಬಂದರೆ ಮನೆಯವರೂ ನೆರೆಹೊರೆಯವರೂ ಅವಳನ್ನು ಹುಚ್ಚಿಯೆಂದೇ ಕಾಣುತ್ತಾರೆ. ಗಂಡ ಇನ್ನೊಬ್ಬಳ ಸಂಗ ಮಾಡಿದ್ದಾನೆ. ಇಲ್ಲಿ ಕೊಲೆಯಿಲ್ಲ, ಪೊಲೀಸರಿಲ್ಲ. ಆದರೂ ಒಂದು ಜೀವ ಮುಗಿದುಹೋಗುವುದನ್ನು ನಾವು ಕಣ್ಣಾರೆ ನೋಡುತ್ತೇವೆ. ಬಾಣಂತಿಯರಿಗೆ ಬರುವ ಈ ಕಾಯಿಲೆ ದೆವ್ವದ ಕಾಟವಲ್ಲ, ಪಾಪದ ಫಲವಲ್ಲ, ಚಿಕಿತ್ಸೆಯಿಂದ ವಾಸಿಯಾಗುವಂಥದು ಎಂದು ವೈದ್ಯರು ಹೇಳುತ್ತಾರೆ. ಕನ್ನಡದ ಮನೆಮನೆಗೆ ಆ ಮಾತನ್ನು ಮುಟ್ಟಿಸಿದವು ಈ ಕಾದಂಬರಿ ಮತ್ತು 1970ರ ದಶಕದ ಆರಂಭದಲ್ಲಿ ಪುಟ್ಟಣ್ಣ ಕಣಗಾಲರು ಅದರಿಂದ ಮಾಡಿದ ಚಿತ್ರ.

ಸಸ್ಪೆನ್ಸ್ ಕಾದಂಬರಿಗಳಿಗೆ ಹೆಸರಾದ ಟಿ.ಕೆ. ರಾಮರಾವ್ ಅವರನ್ನೂ ಇಲ್ಲಿ ನೆನೆಯಬೇಕು. 1972ರಲ್ಲಿ ತೆರೆಕಂಡ 'ಬಂಗಾರದ ಮನುಷ್ಯ' ಅವರ ಕಾದಂಬರಿಯನ್ನು ಆಧರಿಸಿದ್ದು. ಬೇಸಾಯದ ಹಿರಿಮೆ ಸಾರುವ ಚಿತ್ರವೆಂದು ನಾವು ಅದನ್ನು ನೋಡುತ್ತೇವೆ. ಆದರೆ ಕಥೆಯ ಬೆನ್ನೆಲುಬು ಒಂದು ಸಂಸಾರದ ಗುಟ್ಟು. ತೀರಿಹೋದ ಭಾವನಿಗೆ ಇನ್ನೊಂದು ಸಂಸಾರವಿತ್ತೆಂದು ರಾಜೀವನಿಗೆ ತಿಳಿಯುತ್ತದೆ. ಅಕ್ಕನ ಮನಸ್ಸು ನೋಯಬಾರದೆಂದು ಅವನು ಅದನ್ನು ಹೇಳದೆ, ಆ ಇನ್ನೊಬ್ಬ ಹೆಂಗಸನ್ನೂ ಕೈಬಿಡದೆ ಸಾಕುತ್ತಾನೆ. ಅಕ್ಕನ ಮಗ ಅವನ ಮೇಲೆಯೇ ಸಂಶಯಪಟ್ಟಾಗಲೂ ಬಾಯಿಬಿಡದೆ ಮನೆ ಬಿಟ್ಟು ನಡೆಯುತ್ತಾನೆ.

ಓದು ಸಾಗಿದ ದಾರಿ

ಈ ಪುಸ್ತಕಗಳು ಮನೆಗಳಿಗೆ ಹೇಗೆ ತಲುಪಿದವು? 'ಸುಧಾ' ವಾರಪತ್ರಿಕೆ 1965ರಲ್ಲಿ, 'ಮಯೂರ' ಮಾಸಪತ್ರಿಕೆ 1968ರಲ್ಲಿ, 'ತರಂಗ' 1983ರಲ್ಲಿ ಆರಂಭವಾದವು. ಧಾರಾವಾಹಿಯ ಪುಟಗಳನ್ನು ವಾರವಾರ ಕತ್ತರಿಸಿ, ದಾರದಿಂದ ಹೊಲಿದು, ರಟ್ಟು ಹಾಕಿ ಪುಸ್ತಕ ಮಾಡುತ್ತಿದ್ದ ಗೃಹಿಣಿಯರು ನಮ್ಮ ಊರುಗಳಲ್ಲಿ ಬಹಳ. ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಅಂಥದೊಂದು ಇದ್ದರೂ ಇರಬಹುದು. ಊರೂರಲ್ಲಿ ಬಾಡಿಗೆ ಲೈಬ್ರರಿಗಳಿದ್ದವು. ಸ್ವಲ್ಪ ಠೇವಣಿ ಇಟ್ಟು, ದಿನದ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಕಾದಂಬರಿ ಒಯ್ಯಬೇಕು. ಬಾಡಿಗೆ ಏರುವ ಮೊದಲೇ ಓದಿ ಮುಗಿಸುವ ಅವಸರವೇ ಓದುವ ವೇಗವನ್ನು ಕಲಿಸಿತು. ಶಿವಮೊಗ್ಗದಲ್ಲಿ 1930ರಲ್ಲಿ ಸ್ಥಾಪನೆಯಾದ ಕರ್ನಾಟಕ ಸಂಘ ಇಂದಿಗೂ ಪುಸ್ತಕಗಳನ್ನು ಕಾಯ್ದುಕೊಂಡು ಬಂದಿದೆ. ಲೇಖಕಿಯರಿಗೆ ಅದು ಕೊಡುವ ಬಹುಮಾನಕ್ಕೆ ಎಂ.ಕೆ. ಇಂದಿರಾ ಅವರದೇ ಹೆಸರು.

ಭದ್ರಾವತಿಯ ಪಾತ್ರವನ್ನು ಮರೆಯುವಂತಿಲ್ಲ. ಅಲ್ಲಿನ ಕಾರ್ಖಾನೆ ಬರವಣಿಗೆಯ ಕಾಗದ, ಮುದ್ರಣದ ಕಾಗದ ತಯಾರಿಸಿತು. 1981ರಿಂದ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟನ್ನೂ ಕೊಟ್ಟಿತು. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಮನೆಮನೆಗೆ ಕನ್ನಡದ ದನಿ ತಲುಪಿಸಿತು. ಕಾಗದ ಕಾರ್ಖಾನೆಯ ಯಂತ್ರಗಳು ಕಳೆದ ದಶಕದ ನಡುವೆ ನಿಂತವು. ಬಾಡಿಗೆ ಲೈಬ್ರರಿಗಳೂ ಒಂದೊಂದಾಗಿ ಬಾಗಿಲು ಹಾಕಿದವು. ಗುಟ್ಟುಗಳು ಮಾತ್ರ ಮುಗಿದಿಲ್ಲ.

ಗುಟ್ಟು ಯಾರನ್ನು ಕಾಯುತ್ತಿದೆ?

ಇಷ್ಟೆಲ್ಲ ಹೇಳಿದ್ದು ಹಳೆಯ ಪುಸ್ತಕಗಳ ಪಟ್ಟಿ ಒಪ್ಪಿಸಲು ಅಲ್ಲ. ದೂರದರ್ಶನದಲ್ಲಿ ಕಾರ್ಯಕ್ರಮ ಮಾಡುವ ನಮಗೆ ಒಂದು ಅನುಭವ ಮತ್ತೆ ಮತ್ತೆ ಆಗುತ್ತದೆ. ಕ್ಯಾಮೆರಾ ಮುಂದೆ ಸಂಸಾರದ ಬಗ್ಗೆ ಸೊಗಸಾಗಿ ಮಾತನಾಡಿದವರು, ಕ್ಯಾಮೆರಾ ನಿಂತ ಮೇಲೆ ದನಿ ತಗ್ಗಿಸಿ ಬೇರೇನೋ ಹೇಳುತ್ತಾರೆ. 'ಇದನ್ನು ಮಾತ್ರ ಹಾಕಬೇಡಿ' ಎನ್ನುತ್ತಾರೆ. ಆಗ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಗುಟ್ಟು ಯಾರನ್ನು ಕಾಯುತ್ತಿದೆ?

ಮೇಲಿನ ಕಥೆಗಳಿಗೆ ಈ ಪ್ರಶ್ನೆ ಹಾಕಿ ನೋಡಿ. ಫಣಿಯಮ್ಮನ ಮೌನ ಒಬ್ಬ ಬಡ ಬಾಣಂತಿಯನ್ನು ಕಾಯುತ್ತದೆ. ರಾಜೀವನ ಮೌನ ಇಬ್ಬರು ಹೆಂಗಸರ ಮಾನವನ್ನು ಕಾಯುತ್ತದೆ. ಆದರೆ 'ಘಟಶ್ರಾದ್ಧ'ದ ಊರು ಮೇಷ್ಟ್ರನ್ನು ಕಾಯುತ್ತದೆ, ಯಮುನಕ್ಕನನ್ನು ಬಲಿಕೊಡುತ್ತದೆ. 'ಶರಪಂಜರ'ದ ಮನೆ ಗಂಡನ ತಪ್ಪನ್ನು ಮುಚ್ಚಿ ಹೆಂಡತಿಯ ಕಾಯಿಲೆಯನ್ನು ಬೀದಿಗೆ ತರುತ್ತದೆ. ನೊಂದವರನ್ನು ಕಾಯುವ ಗುಟ್ಟು ಬೇರೆ, ನೋಯಿಸಿದವರನ್ನು ಕಾಯುವ ಗುಟ್ಟು ಬೇರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ; ಎರಡಕ್ಕೂ ನಾವು 'ಮನೆಯ ಮಾನ' ಎಂದೇ ಹೆಸರಿಡುತ್ತೇವೆ. ಅವುಗಳನ್ನು ಬೇರ್ಪಡಿಸಿ ನೋಡುವ ಕಣ್ಣನ್ನು ಕೊಡುವುದೇ ಈ ಬಗೆಯ ಕಾದಂಬರಿಗಳ ಓದಿನಿಂದ ಆಗುವ ದೊಡ್ಡ ಲಾಭ.

ನಮ್ಮ ಕಾನೂನು ಕೂಡ ಈ ಭೇದವನ್ನು ಬಲ್ಲದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸಲು 2012ರಲ್ಲಿ ಬಂದ ಪೋಕ್ಸೋ ಕಾಯ್ದೆ ಎರಡು ಮಾತು ಹೇಳುತ್ತದೆ. ಅಪರಾಧ ನಡೆದದ್ದು ತಿಳಿದವರು ಅದನ್ನು ವರದಿ ಮಾಡಲೇಬೇಕು, ಮುಚ್ಚಿಡುವುದು ತಪ್ಪು. ಅದೇ ಹೊತ್ತಿಗೆ ಮಗುವಿನ ಹೆಸರು, ಗುರುತನ್ನು ಪತ್ರಿಕೆ, ಟಿವಿ ಯಾರೂ ಬಯಲು ಮಾಡಬಾರದು. ಒಂದು ಗುಟ್ಟನ್ನು ಒಡೆಯಬೇಕು, ಇನ್ನೊಂದನ್ನು ಕಾಪಾಡಬೇಕು. ಹೆಂಗಸರಿಗೆ ಮನೆಯೊಳಗೆ ಆಗುವ ಹಿಂಸೆ ಕೇವಲ ಮನೆಯ ವಿಷಯವಲ್ಲ ಎಂದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಸ್ಪಷ್ಟಪಡಿಸಿತು.

ಆದ್ದರಿಂದ ನಿಮ್ಮಲ್ಲಿ ಯಾರಿಗಾದರೂ 'ಇದನ್ನು ಯಾರಿಗೂ ಹೇಳಬೇಡ' ಎಂದು ದೊಡ್ಡವರೊಬ್ಬರು ಹೆದರಿಸಿದ್ದರೆ, ಆ ಗುಟ್ಟು ನಿಮ್ಮನ್ನು ಕಾಯುತ್ತಿಲ್ಲ, ಅವರನ್ನು ಕಾಯುತ್ತಿದೆ ಎಂದು ತಿಳಿಯಿರಿ. ನಂಬಿಕೆಯ ಶಿಕ್ಷಕರಿಗೆ, ಚಿಕ್ಕಮ್ಮನಿಗೆ, ಅಜ್ಜಿಗೆ ಹೇಳಿ. ಯಾರೂ ಕಾಣದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಮಹಿಳೆಯರಿಗೆ 181 ಇದೆ. ಗೆಳತಿಯೊಬ್ಬಳು ನಿಮಗೆ ಹೇಳಿಕೊಂಡರೆ ಅದನ್ನು ತರಗತಿಯಲ್ಲಿ ಹರಡಬೇಡಿ. ನೆರವು ಕೊಡಬಲ್ಲ ದೊಡ್ಡವರೊಬ್ಬರ ಬಳಿಗೆ ಅವಳ ಜೊತೆ ಹೋಗಿ.

ನೀವು ಮಾಡಬಹುದಾದದ್ದು

ಈ ರಜೆಯಲ್ಲಿ ಮೇಲೆ ಹೇಳಿದ ಪುಸ್ತಕಗಳಲ್ಲಿ ಒಂದನ್ನು ಶಾಲೆಯ ಅಥವಾ ಊರಿನ ಗ್ರಂಥಾಲಯದಿಂದ ತಂದು ಓದಿ. ಓದುವಾಗ ಟಿಪ್ಪಣಿ ಪುಸ್ತಕವೊಂದು ಪಕ್ಕದಲ್ಲಿರಲಿ. ಈ ಪ್ರಶ್ನೆಗಳಿಗೆ ಉತ್ತರ ಬರೆದು, ಸ್ನೇಹಿತರೊಂದಿಗೆ ಚರ್ಚಿಸಿ:

1. ಗುಟ್ಟು ಯಾರಿಗೆಲ್ಲ ತಿಳಿದಿದೆ? ತಿಳಿದೂ ಸುಮ್ಮನಿದ್ದವರು ಯಾರು, ಏಕೆ?

2. ಈ ಮನೆಯಲ್ಲಿ ಯಾರ ಮಾತು ನಮಗೆ ಕೇಳಿಸುವುದೇ ಇಲ್ಲ? ವಿಚರ್ ಹುಡುಕಿದ ಕಾಣೆಯಾದ ಉಡುಪಿನಂತೆ, ಅದೂ ಒಂದು ಸುಳಿವೇ?

3. ಗುಟ್ಟು ಬಯಲಾದಾಗ ಶಿಕ್ಷೆ ಯಾರಿಗಾಯಿತು? ಆಗಬೇಕಾದದ್ದು ಯಾರಿಗೆ?

4. ಇದೇ ಕಥೆ ತೊಟ್ಟಿಮನೆಯ ಬದಲು ಕ್ವಾರ್ಟರ್ಸಿನಲ್ಲೋ ಇಂದಿನ ಅಪಾರ್ಟ್‌ಮೆಂಟಿನಲ್ಲೋ ನಡೆದಿದ್ದರೆ ಏನು ಬದಲಾಗುತ್ತಿತ್ತು?

ಮನೆಯಲ್ಲಿ ಅಜ್ಜಿಯೋ ಅಮ್ಮನೋ ಈ ಕಾದಂಬರಿಯನ್ನು ಓದಿದ್ದರೆ ಅವರನ್ನೂ ಕೇಳಿ. ಪುಸ್ತಕದಲ್ಲಿಲ್ಲದ ಕಥೆಯೊಂದು ಅವರ ಬಾಯಿಂದ ಬಂದರೆ, ಅವಸರ ಮಾಡದೆ ಕೂತು ಕೇಳಿಸಿಕೊಳ್ಳಿ.